ಐದು ಪೆಟ್ಟಿಗೆ, ಮೂರು ಲೆಕ್ಕ

ಜೇನು ಕಡಿದ ಬಾವು ಎರಡು ದಿನಕ್ಕೆ ಇಳಿಯುತ್ತದೆ. ಜೇನು ಸಾಕುವವರ ಸಹವಾಸ ಹಾಗಲ್ಲ. ಒಂದು ಫಜೀತಿ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ. ನನಗೂ ಒಂದು ಚಟವಿದೆ. ಏನಾದರೂ ಎಡವಟ್ಟಾದರೆ ಸಿಟ್ಟಿಗಿಂತ ಮೊದಲು, ಅರೆ, ಇದು ಹೀಗ್ಯಾಕಾಯಿತು ಎಂಬ ಕುತೂಹಲ ಬರುತ್ತದೆ. ಅದಕ್ಕೇ ಇವು ಮರೆತೂ ಹೋಗುವುದಿಲ್ಲ.

ಮೊದಲು ನಾವು ಯಾರೆಂದು ಹೇಳಿಬಿಡುತ್ತೇನೆ. ನಾನು ಚಿಕ್ಕೋಡಿಯ ಒಂದು ಕಚೇರಿಯಲ್ಲಿ ದಫ್ತರ ನೋಡಿಕೊಳ್ಳುವ ಕ್ಲಾರ್ಕ್. ಎರಡನೆಯವರು ನಿಪ್ಪಾಣಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವ ಒಬ್ಬ ಅಕ್ಕ. ಮೂರನೆಯವರು ಕಬ್ಬೂರಿನ ನಿವೃತ್ತ ಸುಭೇದಾರರು. ಮೂವರಿಗೂ ಜೇನು ಹೊಟ್ಟೆಪಾಡಲ್ಲ, ಬರೀ ಹುಚ್ಚು. ಆದರೆ ನಮ್ಮ ಕಡೆ ಬೇಡಕಿಹಾಳದಿಂದ ರಾಯಬಾಗದವರೆಗೆ ಎತ್ತ ನೋಡಿದರೂ ಕಬ್ಬು. ಕಬ್ಬಿನ ಗದ್ದೆಯಲ್ಲಿ ಸಕ್ಕರೆ ಕಾರ್ಖಾನೆಗೆ ಏನಾದರೂ ಸಿಕ್ಕೀತು, ಜೇನಿಗೆ ಏನೂ ಸಿಗುವುದಿಲ್ಲ. ಹೋದ ಬ್ಯಾಸಗಿಯಲ್ಲಿ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಂದು ಹುಳವೂ ಇರಲಿಲ್ಲ. ಒಣಗಿದ ಮೇಣದ ಎರಿ ಬಿಟ್ಟು ಎಲ್ಲವೂ ಎದ್ದು ಹೋಗಿದ್ದವು. ಆ ದಿನ ನನಗೆ ಊಟ ಸೇರಲಿಲ್ಲ. ನಗಬೇಡಿ, ಸಾಕಿದವರಿಗೇ ಗೊತ್ತು ಅದು.

ಅಂಥ ಹೊತ್ತಿನಲ್ಲಿ ಸಿಕ್ಕವರು ಐಗಳಿಯ ಕಾಕಾ. ದ್ರಾಕ್ಷಿ, ಡಾಳಿಂಬಿ ಎರಡೂ ಇರುವ ತೋಟ, ಬದುವಿನ ತುಂಬ ನುಗ್ಗೆ ಗಿಡ, ಬ್ಯಾಸಗಿಯಲ್ಲೂ ನೀರು. ನಮ್ಮ ಐದು ಪೆಟ್ಟಿಗೆಗಳನ್ನು ಅಲ್ಲಿಡಲು ಕಾಕಾ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು. ಹಿಂದೊಮ್ಮೆ ಯಾರೋ ಅಲ್ಲಿ ಪೆಟ್ಟಿಗೆ ಇಟ್ಟಿದ್ದರಂತೆ. ಬೆಳೆಗೆ ಔಷಧಿ ಸಿಂಪಡಿಸಿದ ದಿನ, ನಮ್ಮ ಮಾತಿನಲ್ಲಿ ಎಣ್ಣಿ ಹೊಡೆದ ದಿನ, ಹುಳವೆಲ್ಲ ಸತ್ತು ಊರ ತುಂಬ ಕಾಕಾನ ಹೆಸರು ಕೆಟ್ಟಿತ್ತು.

"ಎಣ್ಣಿ ಹೊಡ್ಯೂ ಮುಂದ ನಾ ಕೇಳ್ತೀನಿ. ಎಷ್ಟ ಪೆಟಗಿ, ಯಾವ್ಯಾವು ಎಲ್ಲೆಲ್ಲಿ ಅದಾವು, ಒಳಗ ಹುಳದ ಹಾಲತ್ ಏನೈತಿ, ಎಲ್ಲಾ ಹೇಳಬೇಕು" ಎಂದರು ಕಾಕಾ. "ಆದ್ರ ಲೆಕ್ಕ ಒಂದ ಇರಬೇಕ ನೋಡ್ರಿ. ಮೂರ ಮಂದಿ ಮೂರ ಹೇಳಿದ್ರ, ಎಳ್ಳ ಅಮಾಸಿ ಮರುದಿನ ಟೆಂಪೋ ತರಿಸಿ ಪೆಟಗಿ ನಿಮ್ಮ ನಿಮ್ಮ ಮನಿಗಿ ಕಳಸ್ತೀನಿ."

ಮೂವರೂ ಒಟ್ಟಿಗೇ ತಲೆಯಾಡಿಸಿದೆವು. ಆ ಒಂದು ಲೆಕ್ಕ ತನ್ನದೇ ಎಂದು ಮೂವರಿಗೂ ಖಾತ್ರಿಯಿತ್ತು.

ಜಾವಕಕ್ಕೆ ಬಿದ್ದ ಜೇನು

ನಾನು ಕಾಗದದ ಕಡೆಯವನು. ಅದಕ್ಕೆ ಕಾರಣ ನನ್ನ ನೌಕರಿ. ನನ್ನ ಮೊದಲ ಜೇನು ಸಿಕ್ಕಿದ್ದೇ ಕಚೇರಿಯಲ್ಲಿ, ದಫ್ತರದ ಹಿಂದಿನ ಕಿಟಕಿಯಲ್ಲಿ. ಸಾಹೇಬರು ಹೆದರಿ ತಮ್ಮ ಕುರ್ಚಿಯನ್ನು ವರಾಂಡಕ್ಕೆ ಹಾಕಿಸಿಕೊಂಡಿದ್ದರು. ನಾನು ಮನೆಗೆ ಒಯ್ಯುತ್ತೇನೆ ಎಂದಾಗ ಅವರಿಗೆ ಜೀವ ಬಂದಿತು. ಜೀವದ ಜೊತೆ ನಿಯಮವೂ ನೆನಪಾಯಿತು.

"ದಫ್ತರದಾಗಿಂದ ಒಂದ ಕಾಗದ ಹೊರಗ ಹೋಗಬೇಕಂದ್ರೂ ಜಾವಕ ನಂಬರ್ ಬೇಕು. ಹಂಗ ಹ್ಯಾಂಗ ಒಯ್ತೀರಿ?"

ಸರಿ ಎಂದು ಜಾವಕ, ಅಂದರೆ ಹೊರಹೋಗುವ ಕಾಗದಗಳ ವಹಿ, ಬರೆಯುವ ಗೆಳೆಯನ ಮೇಜಿಗೆ ಹೋದೆ. ಅವನು ವಿಷಯದ ಕಾಲಮ್ಮಿನಲ್ಲಿ ‘ಜೇನುಹುಳ’ ಎಂದು ದುಂಡಗೆ ಬರೆದು, ಸಂಖ್ಯೆಯ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದ.

"ಎಷ್ಟ ಅದಾವು?"

"ಎಣಿಸಿಲ್ಲೋ ಮಾರಾಯಾ."

"ಎಣಿಸದ ಹ್ಯಾಂಗ ಬರೀಲಿ? ನಾಳಿ ತಪಾಸಣಿಗಿ ಬಂದ್ರ ನನ್ನ ಕೊಳ್ಳಿಗಿ ಬರ್ತೈತಿ. ನಾನ ನೋಡಿ ಬರ್ತೀನಿ ತಡಿ."

ಹೋದಷ್ಟೇ ಬೇಗ ಮರಳಿ ಬಂದ. ಒಂದು ಕಣ್ಣು ಮುಚ್ಚಿಕೊಂಡಿತ್ತು, ಕೆಳತುಟಿ ತಾನೇ ಬೇರೆ ದಾರಿ ಹಿಡಿದಿತ್ತು. ಕುಳಿತು ಸಂಖ್ಯೆಯ ಕಾಲಮ್ಮಿನಲ್ಲಿ ‘ಒಂದು ಗುಂಪು, ಸುಸ್ಥಿತಿಯಲ್ಲಿ’ ಎಂದು ಬರೆದ. ಷರಾ ಎಂಬಲ್ಲಿ ಸ್ಪಷ್ಟ ಅಕ್ಷರದಲ್ಲಿ ‘ಖುದ್ದಾಗಿ ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದ.

ರಾಣಿ ಗೈರುಹಾಜರ

ಅಲ್ಲಿಂದ ಮುಂದೆ ನನ್ನ ಜೇನಿಗೂ ಒಂದು ರಜಿಸ್ಟರ್ ಬಂದಿತು. ಕೆಂಪು ಬಟ್ಟೆಯ ರಟ್ಟು, ಒಳಗೆ ಗೆರೆ ಎಳೆದ ಕಾಲಮ್ಮು. ಭಾಷೆ ಮಾತ್ರ ಕಚೇರಿಯದೇ ಬಂದುಬಿಟ್ಟಿತು, ಬೇರೆ ಭಾಷೆಯಲ್ಲಿ ನನಗೆ ಬರೆಯಲು ಬರುವುದೂ ಇಲ್ಲ. ‘ಸದರಿ ಪೆಟ್ಟಿಗೆಯನ್ನು ತೆರೆದು ನೋಡಲಾಗಿ ರಾಣಿಯು ಸ್ಥಳದಲ್ಲಿ ಹಾಜರಿರುವುದಿಲ್ಲ. ತತ್ತಿಗಳು ಕಂಡುಬಂದ ಮೇರೆಗೆ ಸಮೀಪದಲ್ಲೇ ಇರಬಹುದೆಂದು ಭಾವಿಸಲಾಗಿದೆ.’

ಇದನ್ನು ಓದಿದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು, "ಗೈರಹಾಜರ ಆದಾಕಿಗಿ ನೋಟೀಸ್ ಕೊಟ್ರ್ಯೋ ಇಲ್ಲೋ?" ಎಂದಳು.

ಕಾಗದಕ್ಕೆ ಒಂದು ಕಷ್ಟವಿದೆ, ಒಪ್ಪುತ್ತೇನೆ. ಜೇನು ಮುಟ್ಟಿದ ಕೈಯಿಂದಲೇ ಬರೆಯಬೇಕು. ನನ್ನ ರಜಿಸ್ಟರಿನ ಪುಟಗಳು ಒಂದಕ್ಕೊಂದು ಅಂಟಿಕೊಂಡು ಚೈತ್ರದ ಜೊತೆ ಶ್ರಾವಣವೂ ತೆರೆದುಕೊಳ್ಳುತ್ತಿತ್ತು. ಮೇಲಿಂದ ಇರುವೆ ಬೇರೆ. ಕಪಾಟಿನಲ್ಲಿಟ್ಟರೂ ಬಂದವು, ಮೊಳೆಗೆ ನೇತು ಹಾಕಿದರೂ ಬಂದವು. ಕೊನೆಗೆ ಹೆಂಡತಿಯೇ ಒಂದು ಉಪಾಯ ಮಾಡಿದಳು. ಜೇನುಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತೇವಲ್ಲ, ಹಾಗೇ ಒಂದು ಸ್ಟೂಲಿನ ಕಾಲಿಗೆಲ್ಲ ನೀರಿನ ಬಟ್ಟಲು ಇಟ್ಟು ಅದರ ಮೇಲೆ ರಜಿಸ್ಟರನ್ನು ಪ್ರತಿಷ್ಠಾಪಿಸಿದಳು.

ಮನೆಗೆ ಬಂದ ಬೀಗರು ಅದನ್ನು ನೋಡಿ, ಏನು ಪುಸ್ತಕವಿದು, ಇಷ್ಟು ಜೋಪಾನ ಎಂದು ಕೇಳಿದರು. ಅವಳು ಉಸಿರು ಬಿಟ್ಟು ಹೇಳಿದಳು: "ಇವರು ಜೇನ ಸಾಕಾಕ ಹತ್ತಿದಾಗಿನಿಂದ ನಮ್ಮನಿಗಿ ಬಂದ ಜೇನತುಪ್ಪ ಅಷ್ಟೂ ಅದರಾಗ ಐತ್ರಿ."

ಬರಫ್ ತೆಗೆದಿರೇನು?

ಮೆಡಿಕಲ್ ಅಕ್ಕ ಪೂರಾ ಫೋನಿನ ಕಡೆಯವರು. ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇದೆ, ಜೇನಿಗೂ ಒಂದು ಆ್ಯಪ್ ಹಾಕಿಕೊಂಡಿದ್ದರು. ಅದು ಯಾವುದೋ ಚಳಿ ದೇಶದ ಆ್ಯಪ್. ಪೆಟ್ಟಿಗೆಗೊಂದು ಪುಟ, ಫೋಟೋ ಹಾಕುವ ಜಾಗ, ಎಲ್ಲ ಚಂದ. ಆದರೆ ಅದು ಕೇಳಿದ್ದಕ್ಕೆ ಉತ್ತರ ಕೊಡದೆ ಮುಂದಿನ ಪುಟ ತೆರೆಯುವುದಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ದಿನ ತೋಟದಲ್ಲಿ ನಿಂತಿದ್ದಾಗ ಅದು ಕೇಳಿತು: ಪೆಟ್ಟಿಗೆಯ ಬಾಗಿಲಿನ ಮುಂದೆ ಬಿದ್ದ ಹಿಮವನ್ನು ತೆಗೆದಿರಾ?

ಅಕ್ಕ ಸುಳ್ಳು ಹೇಳುವವರಲ್ಲ. ‘ಇಲ್ಲ’ ಒತ್ತಿದರು. ಪರದೆ ಕೆಂಪಗಾಗಿ, ತಕ್ಷಣ ತೆಗೆಯಿರಿ, ಹುಳಗಳಿಗೆ ಅಪಾಯವಿದೆ ಎಂದಿತು. ನಾನು ಆಸೆಯಿಂದ ಇಣುಕಿ ನೋಡಿದೆ. ಹಿಮ ಬೀಳುವ ಊರಲ್ಲಿ ಜೇನು ಸಾಕುವವರು ಚಳಿಗಾಲದಲ್ಲಿ ಏನು ಮಾಡುತ್ತಾರೆ, ಪೆಟ್ಟಿಗೆಗೆ ಕಂಬಳಿ ಸುತ್ತುತ್ತಾರೋ ಹೇಗೆ ಎಂದು ನನಗೆ ತಿಳಿಯಬೇಕಿತ್ತು. ಅಕ್ಕನಿಗೆ ಅದೇನೂ ಬೇಕಿರಲಿಲ್ಲ, ಮುಂದಿನ ಪುಟ ಬೇಕಿತ್ತು. ‘ಹೌದು’ ಒತ್ತಿದರು. ಹಿಮ ಎಷ್ಟು ಆಳವಿತ್ತು ಎಂದು ಕೇಳಿತು.

"ಅರೇ ದೇವಾ! ಕಾಕಾ, ಬರಫ್ ಎಷ್ಟ ಬಿದ್ದಿತ್ತು ಅಂತ ಕೇಳಾಕತ್ತೈತಿ, ಏನ್ ಹಾಕ್ಲಿ?"

ಕಾಕಾ ಟವೆಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಗಂಭೀರವಾಗಿ ಯೋಚಿಸಿದರು.

"ಮೊಣಕಾಲ ತನಾ ಅಂತ ಹಾಕ್ರಿ. ಎಲ್ಲರೆ ಬರಫಿನ ನುಕಸಾನಿಗಿ ಪರಿಹಾರ ಬಂತಂದ್ರ ನನ್ನ ಹೆಸರೂ ಇರ್ಲಿ."

ಪೆಟ್ಟಿಗೆಗೆ ಬಂದ ಫೋನು

ಅದೇ ತಿಂಗಳು ಇನ್ನೊಂದಾಯಿತು. ಅಕ್ಕ ಒಂದು ಪೆಟ್ಟಿಗೆಯ ಹೊರ ಮುಚ್ಚಳ ತೆಗೆದು, ಒಳ ಹಲಗೆಯ ಫೋಟೋ ಹಿಡಿದು, ಕೈಗವಸು ಸರಿಮಾಡಿಕೊಳ್ಳಲು ಫೋನನ್ನು ಆ ಹಲಗೆಯ ಮೇಲೇ ಇಟ್ಟಿದ್ದಾರೆ. ಮಾತಿನ ಭರದಲ್ಲಿ ಮುಚ್ಚಳ ಹಾಕಿಬಿಟ್ಟಿದ್ದಾರೆ. ಮುಂದಿನ ಪೆಟ್ಟಿಗೆಗೆ ಬಂದಾಗ ಫೋನಿಲ್ಲ. ಚೀಲ ನೋಡಿದರು, ಕಾರು ನೋಡಿದರು, ಸುಭೇದಾರರ ಮೇಲೂ ಒಮ್ಮೆ ಕಣ್ಣು ಹಾಯಿಸಿದರು.

"ನಿಲ್ರಿ, ನಾ ಫೋನ್ ಹಚ್ತೀನಿ" ಎಂದು ನಾನು ಹಚ್ಚಿದೆ.

ಡಾಳಿಂಬಿ ಗಿಡದ ನಡುವಿನಿಂದ ಒಂದು ಭಜನೆ ಏಳತೊಡಗಿತು. ಹಿಂದೆಯೇ ಗುಂಯ್ ಎಂಬ ಸದ್ದು. ಹಲಗೆಯ ಮೇಲೆ ಫೋನು ನಡುಗಿದರೆ ಕೆಳಗಿನವರು ಸುಮ್ಮನಿರುತ್ತಾರೆಯೇ? ಬಾಗಿಲು ತುಂಬ ಹುಳ ಹೊರಬಂದವು. ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು, "ಬೇ, ಪೆಟಗಿ ಹಾಡಾಕತ್ತೈತಿ!" ಎಂದು ಕುಡಗೋಲು ಬಿಟ್ಟು ಓಡಿದರು.

ನಾನು ಕರೆ ಕಡಿದೆ. ಆದರೆ ಅಕ್ಕನ ಅಂಗಡಿಯ ಗಿರಾಕಿಗಳು ಕಡಿಯಬೇಕಲ್ಲ? ಜ್ವರದ ಗುಳಿಗೆ ಐತೇನು, ಸಕ್ಕರೆ ಕಾಯಿಲೆ ಔಷಧ ಬಂದೈತೇನು ಎಂದು ಒಬ್ಬರಾದ ಮೇಲೊಬ್ಬರು ಹಚ್ಚುತ್ತಲೇ ಇದ್ದರು. ಹುಳ ತಣ್ಣಗಾಗುವಷ್ಟರಲ್ಲಿ ಮತ್ತೆ ಭಜನೆ, ಮತ್ತೆ ಗುಂಯ್. ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

"ಇಷ್ಟ ಫೋನ್ ಬರಾಕತ್ತಾವು, ರಾಣಿ ಒಂದರೆ ಎತ್ತಬಾರದೇನು?" ಎಂದರು ಸುಭೇದಾರರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ಮಿಲಿಟರಿಯವರೂ ಎರಡು ಹೆಜ್ಜೆ ಹಿಂದೆ ಸರಿದರು.

ಹೊತ್ತು ಮುಳುಗುವ ಮುಂಚೆ ಚಾರ್ಜು ಮುಗಿದು ಶಾಂತಿಯಾಯಿತು, ಫೋನು ಹೊರಗೆ ಬಂದಿತು. ಮನೆಗೆ ಹೊರಟಾಗ ಕಾಕಾ ನಮ್ಮನ್ನು ತಡೆದು ನಿಲ್ಲಿಸಿದರು.

"ಇನ್ನ ಮ್ಯಾಲೆ ಲೆಕ್ಕ ಕೇಳೂದಿದ್ರ ಸೀದಾ ಪೆಟಗಿಗೇ ಫೋನ್ ಹಚ್ತೀನ್ರಿ. ನಡಬರಕ ನೀವು ಯಾಕ?"

ಆರನೆಯ ಪೆಟ್ಟಿಗೆ

ಸುಭೇದಾರರಿಗೆ ಕಾಗದವೂ ಬೇಡ, ಫೋನೂ ಬೇಡ. ಅವರ ಲೆಕ್ಕವೆಲ್ಲ ಕಲ್ಲಿನದು. ಪ್ರತಿ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದೊಂದು ಉದ್ದನೆಯ ಕಲ್ಲು. ಕಲ್ಲು ಮಲಗಿದ್ದರೆ ಒಳಗೆಲ್ಲ ಕ್ಷೇಮ. ಕಲ್ಲು ಎದ್ದು ನಿಂತಿದ್ದರೆ ರಾಣಿ ಇಲ್ಲ, ಲಗೂನ ಏನಾದರೂ ಮಾಡಬೇಕು. "ಕಲ್ಲಿಗಿ ಚಾರ್ಜಿಂಗ್ ಬೇಕಿಲ್ಲ. ತೊಯ್ದ್ರ ಅಕ್ಷರ ಅಳಸೂದಿಲ್ಲ. ಇರುವಿ ತಿನ್ನೂದಿಲ್ಲ" ಎಂದು ನಮ್ಮಿಬ್ಬರನ್ನೂ ಒಂದೇ ಉಸಿರಿನಲ್ಲಿ ಚುಚ್ಚುತ್ತಿದ್ದರು.

ಒಂದು ಸಂಜೆ ಕಾಕಾ ನನಗೆ ಫೋನ್ ಮಾಡಿದರು. "ನಾಳಿ ಎಣ್ಣಿ ಹೊಡಸಾಂವ ಅದೀನಿ. ಪೆಟಗಿ ಬಾಗಲಾ ಹಸಿ ಗ್ವಾಣಿ ತಟ್ಟಿನಿಂದ ಮುಚ್ಚಬೇಕು. ಒಟ್ಟ ಎಷ್ಟ ಅದಾವು?"

ರಜಿಸ್ಟರ್ ನೋಡಿ ನಾಲ್ಕು ಎಂದೆ. ಐದನೆಯದು ರವಿವಾರ ಬಂದಿತ್ತು, ರಜಾದಿನ ಬಂದದ್ದನ್ನು ನಾನು ಹತ್ತಿಸಿರಲಿಲ್ಲ.

ಕಾಕಾ ಅಕ್ಕನನ್ನು ಕೇಳಿದರು. ಅಕ್ಕ ಆರು ಎಂದರು. ನಿಪ್ಪಾಣಿಯಲ್ಲಿ ಅವರದೊಂದು ಪೆಟ್ಟಿಗೆ ಹಿಂದೆಯೇ ಖಾಲಿಯಾಗಿತ್ತು. ಅವರ ನಾದಿನಿಯ ಗಂಡ ಒಳಗೇನಿದೆ ಎಂದು ಮುಚ್ಚಳ ತೆಗೆದು, ಕೋಲಿನಿಂದ ತಿವಿದು, ತೆರೆದೇ ಬಿಟ್ಟು ಓಡಿದ್ದ. ಆದರೆ ಕಾರಣ ಹೇಳದೆ ಆ್ಯಪ್ ಅದನ್ನು ಅಳಿಸಲು ಬಿಡುತ್ತಿರಲಿಲ್ಲ. ಕಾರಣಗಳ ಸಾಲಿನಲ್ಲಿ ಹಿಮವಿತ್ತು, ಹಸಿವಿತ್ತು, ಕರಡಿಯಿತ್ತು, ನಾದಿನಿಯ ಗಂಡ ಇರಲಿಲ್ಲ.

"ಕರಡಿ ಅಂತ ಹಾಕ್ರಿ ತಂಗಿ" ಎಂದರಂತೆ ಕಾಕಾ. "ನಿಮ್ಮ ನಾದಿನಿ ಗಂಡನ್ನ ನಾ ನೋಡೇನಿ."

ಸುಭೇದಾರರನ್ನು ಕೇಳಿದರೆ, "ಕಲ್ಲ ಅಲ್ಲಿ ಅದಾವು, ನಾ ಇಲ್ಲಿ ಅದೀನಿ. ಬಸ್ಸಿಗಿ ಬಂದ ನೋಡಿ ಹೇಳ್ತೀನಿ" ಎಂದರು.

ಪಾಪ, ಕಾಕಾ ತಾವೇ ತೋಟಕ್ಕೆ ಹೋದರು. ಐದು ಪೆಟ್ಟಿಗೆಗೆ ಗೋಣಿ ಕಟ್ಟಿದರು. ಫೋನಿನ ಲೆಕ್ಕ ಆರು ಎಂದಿತ್ತಲ್ಲ, ಮಸುಕು ಬೆಳಕಿನಲ್ಲಿ ಹುಡುಕಿ ಗೋಡೆ ಬದಿಯ ಇನ್ನೊಂದು ಕಟ್ಟಿಗೆ ಪೆಟ್ಟಿಗೆಗೂ ಬಿಗಿಯಾಗಿ ಹಸಿ ಗೋಣಿ ಸುತ್ತಿದರು. ಜೇನು ಐತಿ, ಗೋಣಿ ಕಟ್ಟಿದ್ದನ್ನ ಮುಟ್ಟಬ್ಯಾಡ್ರಿ ಎಂದು ಆಳುಗಳಿಗೆ ತಾಕೀತು ಮಾಡಿ ಬೆಳಿಗ್ಗೆ ಅಥಣಿ ಪೇಟೆಗೆ ಹೋದರು. ಆ ಆರನೆಯದರಲ್ಲೇ ಎಣ್ಣಿಯ ಡಬ್ಬಿಗಳಿದ್ದವು. ಆಳುಗಳು ಮಾತು ಕೇಳುವವರು, ಮುಟ್ಟಲಿಲ್ಲ. ಎಣ್ಣಿ ಹೊಡೆಯುವುದು ಎರಡು ದಿನ ಮುಂದೆ ಹೋಯಿತು, ಅಷ್ಟರಲ್ಲಿ ಗಿಡದ ಮೇಲೆ ಚುಕ್ಕಿ ರೋಗ ಕಾಣಿಸಿತು.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಾಕಾ ಮಾತ್ರ ದನಿ ಏರಿಸಲಿಲ್ಲ.

"ನಿಮ್ಮ ಲೆಕ್ಕದಿಂದ ಹುಳ ಉಳದಾವ್ರಿ, ಅದರಾಗ ಎರಡ ಮಾತಿಲ್ಲ. ಡಾಳಿಂಬಿ ಮ್ಯಾಲಿನ ಚುಕ್ಕಿ ರೋಗ ಸಾಯೂದಿತ್ತು, ಅದೂ ಉಳದೈತಿ."

ಕುಣಿದು ಒಪ್ಪಿಸುವ ಲೆಕ್ಕ

ಎಳ್ಳ ಅಮಾವಾಸ್ಯೆ ಹತ್ತಿರ ಬಂದಂತೆ ನನಗೆ ಚಿಂತೆ ಹೆಚ್ಚಿತು. ಟೆಂಪೋ ಬಂದರೆ ಪೆಟ್ಟಿಗೆ ಮತ್ತೆ ಕಬ್ಬಿನ ನಡುವೆ, ಮತ್ತೆ ಒಣ ಎರಿ. ಕಾಕಾನ ಮನಸ್ಸು ಮೆತ್ತಗೆ ಮಾಡೋಣವೆಂದು ಒಂದು ಮಧ್ಯಾಹ್ನ ಬದುವಿನ ಮೇಲೆ ಕುಳಿತು ಜೇನಿನ ಗುಣಗಾನ ಮಾಡಿದೆ.

"ಕಾಕಾ, ಈ ಹುಳಕ್ಕ ತಮ್ಮದ ಒಂದ ಲೆಕ್ಕ ಐತ್ರಿ. ಹೂ ಎಲ್ಲಿ ಐತಿ, ಯಾವ ದಿಕ್ಕಿಗಿ, ಎಷ್ಟ ದೂರ ಅನ್ನೂದನ್ನ ಹುಳ ಗೂಡಿಗಿ ಬಂದು ಕುಣದು ಹೇಳ್ತೈತಿ. ಉಳದಾವು ನೋಡಿ ತಿಳಕೊಂಡು ಬರೋಬ್ಬರಿ ಅಲ್ಲಿಗೇ ಹೋಗ್ತಾವು. ಕಾಗದಿಲ್ಲ, ಫೋನಿಲ್ಲ."

ಕಾಕಾಗೆ ಮೊದಲ ಬಾರಿ ಆಸಕ್ತಿ ಹುಟ್ಟಿತು. "ಕುಣದು? ಹ್ಯಾಂಗ ಕುಣೀತೈತಿ?"

ಇಷ್ಟು ಸಿಕ್ಕರೆ ನಾನು ಬಿಡುವವನೇ? ಬದುವಿನ ಮೇಲೆ ಎದ್ದು ನಿಂತೆ. ನೇರ ನಾಲ್ಕು ಹೆಜ್ಜೆ ಸೊಂಟ ಅಲ್ಲಾಡಿಸುತ್ತ ಹೋಗುವುದು, ಎಡಕ್ಕೆ ಸುತ್ತಿ ಬರುವುದು, ಮತ್ತೆ ಸೊಂಟ ಅಲ್ಲಾಡಿಸುತ್ತ ಹೋಗುವುದು, ಬಲಕ್ಕೆ ಸುತ್ತುವುದು. ದೂರ ಹೆಚ್ಚಿದ್ದರೆ ಅಲ್ಲಾಟವೂ ಹೆಚ್ಚು ಹೊತ್ತು. ಕಾಗವಾಡದಷ್ಟು ದೂರ ಇದ್ದರೆ ಹೀಗೆ ಎಂದು ಜೋರಾಗಿಯೇ ತೋರಿಸಿದೆ. ಕಾಕಾ ಬೆರಗಾಗಿ ನೋಡುತ್ತಿದ್ದರು.

ಅಷ್ಟರಲ್ಲಿ ಚಹಾ ಹಿಡಿದು ಬಂದ ಕಾಕೂ, ಅಂದರೆ ಕಾಕಾನ ಹೆಂಡತಿ, ನನ್ನನ್ನು ನೋಡಿ ತಟ್ಟೆಯನ್ನು ಅಲ್ಲೇ ಕೆಳಗಿಟ್ಟರು.

"ಅಯ್ಯ ಶಿವನ! ಹೇಳಾಕೂ ಬರದ ಜಾಗಾಕ್ಕ ಕಡದೈತೇನ್ರಿ? ಸುಣ್ಣಾ ತರ್ತೀನಿ, ತಡೀರಿ."

ಎಳ್ಳ ಅಮಾಸಿ

ಕೊನೆಗೆ ನಾವು ಮೂವರೂ ಸೋತು ಒಂದಾದೆವು. ಸುಭೇದಾರರ ಕಲ್ಲೇ ಮೂಲ. ಕಲ್ಲು ಹೇಳಿದ್ದನ್ನು ನಾನು ರಜಿಸ್ಟರಿಗೆ ಹತ್ತಿಸುವುದು, ಅಕ್ಕ ಫೋನಿಗೆ ಹಾಕುವುದು. ಇನ್ನು ಲೆಕ್ಕ ಎರಡಾಗುವ ಮಾತೇ ಇಲ್ಲ. ಹಿಂದಿನ ವಾರ ಸುಭೇದಾರರು ಐದೂ ಪೆಟ್ಟಿಗೆ ತೆರೆದು ನೋಡಿ, ಐದರಲ್ಲೂ ರಾಣಿ ಕ್ಷೇಮವೆಂದು ಐದೂ ಕಲ್ಲನ್ನು ಮಲಗಿಸಿ ಬಂದಿದ್ದರು.

ಅಮಾವಾಸ್ಯೆಯ ದಿನ ಕಾಕಾ ತೋಟದಲ್ಲಿ ಊಟಕ್ಕೆ ಕರೆದಿದ್ದರು. ನಮ್ಮ ಕಡೆ ಆ ದಿನ ಹೊಲದಲ್ಲಿ ಐದು ಕಲ್ಲು ಸಾಲಾಗಿ ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜೆ ಮಾಡಿ, ಬೆಳೆಗೆಲ್ಲ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲಿ, ಅಲ್ಲೇ ಕುಳಿತು ಊಟ ಮಾಡುತ್ತಾರೆ. ನಾವು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಎಲ್ಲರೂ ಆ ಕಡೆ ಚರಗ ಚೆಲ್ಲಲು ಹೋಗಿದ್ದರು. ನಾವು ಪೆಟ್ಟಿಗೆಗಳ ಹಿಂಬದಿಯ ಬದುವಿನ ಮೇಲೆ ಬರುತ್ತಿದ್ದಂತೆ ಸುಭೇದಾರರು ಗಕ್ಕನೆ ನಿಂತರು. ಪೆಟ್ಟಿಗೆಗಳ ಕಡೆ ಕೈ ತೋರಿಸಿದರು.

ಐದೂ ಕಲ್ಲು ಎದ್ದು ನಿಂತಿದ್ದವು.

"ಐದರಾಗೂ ರಾಣಿ ಹೋಗ್ಯಾವು" ಎಂದರು ಸುಭೇದಾರರು, ಮನೆಯವರೇ ಹೋದಂಥ ದನಿಯಲ್ಲಿ.

"ಯಾರ ನಿಲ್ಲಿಸಿದ್ದು?" ಎಂದೆ ನಾನು.

"ಕಾಕಾ ತಾವ ಮುಚ್ಚಳಾ ತಗದು ನೋಡಿ ನಿಲ್ಲಿಸಿರಬೇಕು. ಅವರಿಗಿ ನಾನ ಕಲಿಸೇನಿ."

ನಾನು ಕಣ್ಣು ಕೀಳದೆ ನೋಡಿದೆ. ಹುಳಗಳು ಹಿಂಗಾಲಿಗೆ ಹಳದಿ ಪರಾಗ ಕಟ್ಟಿಕೊಂಡು ನಮ್ಮ ಪಕ್ಕದಿಂದಲೇ ಸಂಭ್ರಮದಿಂದ ಪೆಟ್ಟಿಗೆಗಳಿಗೆ ಹಾರುತ್ತಿದ್ದವು. ರಾಣಿ ಇಲ್ಲದ ಮನೆಯಲ್ಲಿ ಮಕ್ಕಳಿಗೆ ಇಷ್ಟು ಕಾಳಜಿಯಿಂದ ಊಟ ಒಯ್ಯುವವರು ಯಾರು ಎಂದು ಅನುಮಾನ ಬಂದಿತು. ಆದರೆ ಕಣ್ಣಿಗೆ ಕಂಡದ್ದಕ್ಕಿಂತ ದಫ್ತರದಲ್ಲಿ ಇದ್ದದ್ದೇ ಖರೆ ಎಂಬುದು ನನ್ನ ನೌಕರಿಯ ಪಾಠ. ರಜಿಸ್ಟರ್ ತೆಗೆದು ‘ಐದೂ ಪೆಟ್ಟಿಗೆಗಳಲ್ಲಿ ರಾಣಿಯು ಗೈರುಹಾಜರು’ ಎಂದು ಬರೆದೆ. ಅಕ್ಕ ಫೋನಿನಲ್ಲಿ ಒತ್ತಿದರು, ಐದು ಪುಟಗಳೂ ಕೆಂಪಗಾದವು. ನಮ್ಮ ಮೂರೂ ಲೆಕ್ಕಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದಾದದ್ದು ಅದೇ ಮೊದಲು.

ಕಾಕಾ ಬಂದರು. ಊಟಕ್ಕೆ ಕೂರುವ ಮೊದಲೇ, "ಹೇಳ್ರಪಾ ಲೆಕ್ಕಾ" ಎಂದರು. ಮೂವರನ್ನೂ ಬೇರೆ ಬೇರೆ ನಿಲ್ಲಿಸಿ ಕೇಳಿದರು. ನಾನು ರಜಿಸ್ಟರ್ ತೋರಿಸಿದೆ, ಅಕ್ಕ ಫೋನು ತೋರಿಸಿದರು, ಸುಭೇದಾರರು ಕಲ್ಲು ತೋರಿಸಿದರು. ಐದು ಪೆಟ್ಟಿಗೆ, ಐದರಲ್ಲೂ ರಾಣಿ ಇಲ್ಲ.

ಕಾಕಾ ಮೆಚ್ಚಿ ತಲೆದೂಗಿದರು. "ಶಾಬಾಸ್! ಮೂವರದೂ ಒಂದ ಲೆಕ್ಕ. ಮಾತಿಗಿ ತಪ್ಪಲಿಲ್ಲ ನೀವು." ಆಮೇಲೆ ಕೇಳಿದರು, "ಆದ್ರ ರಾಣಿ ಇಲ್ಲದ ಪೆಟಗಿ ಇಟಗೊಂಡು ನಾ ಏನ್ ಮಾಡ್ಲಿ? ನಾಳಿ ಟೆಂಪೋ ಹೇಳೂದ ಅಲ್ಲೇನು?"

ಅಕ್ಕನ ಕಣ್ಣಲ್ಲಿ ನೀರು ಬಂದಿತು. ನಾನು ರಜಿಸ್ಟರ್ ಮುಚ್ಚಿದೆ. ಲೆಕ್ಕ ಬೇರೆಯಾದರೆ ಪೆಟ್ಟಿಗೆ ಹೋಗುತ್ತವೆಂದು ಹೆದರಿದ್ದೆವು, ಒಂದಾದದ್ದಕ್ಕೇ ಹೊರಟು ನಿಂತವು. ಆಗ ಚರಗದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಕಾಕೂ ಬಂದರು.

"ಯಾವ ಪೆಟಗಿ ಒಯ್ತೀರಿ? ಪಾಂಡವರು ಕುಂತ ಪೆಟಗೀನ?"

ಎಲ್ಲರೂ ತಿರುಗಿ ನೋಡಿದೆವು. ಹತ್ತಿರ ಹೋಗಿ ಮುಂಬದಿಯಿಂದ ನೋಡಿದರೆ ಐದೂ ಕಲ್ಲಿಗೆ ಸುಣ್ಣ, ಕುಂಕುಮ, ಮುಂದೆ ಒಂದೊಂದು ತುಣುಕು ಹೋಳಿಗೆ.

"ಪ್ರತಿ ವರ್ಷ ಐದ ಕಲ್ಲ ಹುಡಕಿ ಹುಡಕಿ ಸಾಕಾಗ್ತಿತ್ತು" ಎಂದರು ಕಾಕೂ. "ಈ ಸಲ ಸುಭೇದಾರ್ರು ಮೂಡಲ ಮಾರಿ ಮಾಡಿ, ಸಾಲ ಹಿಡದು, ಚಂದ ಪೀಠದ ಮ್ಯಾಲೆ ತಾವ ತಂದಿಟ್ಟಾರ. ಎಷ್ಟ ಭಕ್ತಿ ಐತಿ ಈ ಮನಶ್ಯಾಗ ಅನಕೊಂಡೆ. ಆದ್ರ ದ್ಯಾವರನ್ನ ಮಲಗಿಸಿ ಹೋಗ್ಯಾರ! ಅದಕ್ಕ ನಿಮ್ಮ ಕಾಕಾ ಬರೂಕಿಂತ ಮೊದಲ ನಾನ ಎಬ್ಬಿಸಿ ಕುಂಡ್ರಿಸಿದೆ. ಪೂಜಿ ಆದ ಮ್ಯಾಲೆ ಮುಂದಿನ ಎಳ್ಳ ಅಮಾಸಿ ತನಾ ಅವನ್ನ ಯಾರೂ ಅಳಗ್ಯಾಡಸೂ ಹಂಗಿಲ್ಲ, ಹೇಳಿರ್ತೀನಿ."

ಮುಂದಿನ ಅಮಾವಾಸ್ಯೆಯವರೆಗೆ ಎಂದರೆ ಪೂರ್ತಿ ಬ್ಯಾಸಗಿ. ನನಗೆ ಕಾಕೂನ ಕಾಲಿಗೆ ಬೀಳಬೇಕೆನಿಸಿತು, ಬಿದ್ದೂ ಬಿಟ್ಟೆ. ಹಬ್ಬದ ದಿನ ಹಿರಿಯರಿಗೆ ನಮಸ್ಕಾರ ಮಾಡಿದನೆಂದು ಅವರು ಆಶೀರ್ವಾದವನ್ನೂ ಮಾಡಿದರು. ಕಾಕಾ ಹೆಂಡತಿಯ ಮುಖ ನೋಡಿದರು, ಕಲ್ಲುಗಳನ್ನು ನೋಡಿದರು, ಟೆಂಪೋದ ಮಾತನ್ನು ಅಲ್ಲಿಗೇ ನುಂಗಿದರು.

ಸುಭೇದಾರರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಕಾಕೂ, ಹಂಗಲ್ರಿ. ಈ ಕಲ್ಲ ನಿಂತ್ರ ಒಳಗ ರಾಣಿ ಇಲ್ಲ ಅಂತ ಅರ್ಥ. ಇನ್ನ ವರ್ಷಾನಗಟ್ಲೆ ಐದೂ ಕಲ್ಲ ನಿಂತ ಇದ್ರ ನಾ ಏನಂತ ತಿಳೀಲಿ? ಪೆಟಗಿಗೊಂದ ರಾಣಿ ಬೇಕ ಬೇಕಲ್ರಿ" ಎಂದು ಅಂಗಲಾಚಿದರು.

ಕಾಕೂ ಹೋಳಿಗೆಗೆ ತುಪ್ಪ ಬಡಿಸುತ್ತ, ತಲೆ ಕೂಡ ಎತ್ತದೆ ಹೇಳಿದರು:

"ಐದೂ ಮಂದಿ ಪಾಂಡವರು ಒಬ್ಬಾಕಿ ರಾಣಿ ಮ್ಯಾಲೆ ಸಂಸಾರ ನಡಸ್ಯಾರ. ನಿಮ್ಮ ಹುಳಕ್ಕ ಪೆಟಗಿಗೊಬ್ಬಾಕಿ ಬೇಕೇನ್ರಿ?"

ಕಾಕಾ ನನ್ನ ಕಡೆ ತಿರುಗಿದರು. "ಬರಕೊಳ್ರಿ ಕ್ಲಾರ್ಕ್ ಸಾಹೇಬ್ರ. ಇದೊಂದ ಲೆಕ್ಕ ಬರೋಬ್ಬರಿ ಐತಿ."